ವಿಕಿರಣದ ಕೋಣೆಗೆ ರೋಬೋಟ್

ಪ್ರಶ್ನೆ: ಅಣುಸ್ಥಾವರದಲ್ಲಿ ವಿಕಿರಣ ಅಳೆಯಲು ತಾನೇ ಓಡಾಡುವ ರೋಬೋಟ್ ಕಳಿಸುತ್ತಾರಲ್ಲ, ಅದು ಕೆಡುವುದಿಲ್ಲವೇ? ಗೈಗರ್ ಕೌಂಟರ್ ಕೂರಿಸಿದರೆ ಸಾಕೇ?
– ಪಾಲಿಟೆಕ್ನಿಕ್ ವಿದ್ಯಾರ್ಥಿ, ಉದ್ಯಮಬಾಗ, ಬೆಳಗಾವಿ

ಉತ್ತರ: ಕೆಡುತ್ತದೆ. ಗಾಮಾ ಕಿರಣ ತಾಗಿದಂತೆಲ್ಲ ಚಿಪ್‌ನ ಆಕ್ಸೈಡ್ ಎಂಬ ವಿದ್ಯುತ್ ನಿರೋಧಕ ಪದರದಲ್ಲಿ ವಿದ್ಯುದಾವೇಶ ಸಿಕ್ಕಿಕೊಂಡು ಟ್ರಾನ್ಸಿಸ್ಟರ್ ಹದ ತಪ್ಪುತ್ತದೆ. ಕ್ಯಾಮೆರಾ ಚಿತ್ರದಲ್ಲಂತೂ ಬಿಳಿ ಚುಕ್ಕೆಗಳ ಸುರಿಮಳೆ. ಗೈಗರ್ ಕೌಂಟರ್ ಒಂದನ್ನೇ ನಂಬಬೇಡಿ: ವಿಕಿರಣ ವಿಪರೀತವಾದರೆ ಅದು ಸೊನ್ನೆಯ ಹತ್ತಿರ ತೋರಿಸಬಹುದು (ಸುಳ್ಳು ಸೊನ್ನೆಯಷ್ಟು ಅಪಾಯಕಾರಿ ಅಳತೆ ಬೇರೊಂದಿಲ್ಲ). ಅಲ್ಲಿಗೆ ಅಯಾನೀಕರಣ ಕೋಶವೇ (ವಿಕಿರಣ ಅನಿಲದಲ್ಲಿ ಹುಟ್ಟಿಸುವ ವಿದ್ಯುತ್ ಪ್ರವಾಹವನ್ನು ಅಳೆಯುವ ಸಾಧನ) ಬೇಕು. ಲೈಡಾರ್ (ಲೇಸರ್ ಬೆಳಕಿನಿಂದ ದೂರ ಅಳೆಯುವ ಸಾಧನ) ರಚಿಸಿದ ನಕ್ಷೆಯ ಮೇಲೆ ಅಳತೆಗಳನ್ನು ಗುರುತಿಸುತ್ತ ನಿಧಾನ ಓಡಿಸಿ. ವೇಗ ಹೆಚ್ಚಿದರೆ ತೀವ್ರ ವಿಕಿರಣದ ಜಾಗ ಮಸುಕಾಗುತ್ತದೆ. ದಪ್ಪ ಕಾಂಕ್ರೀಟ್ ಗೋಡೆ ವೈ-ಫೈ ನುಂಗುತ್ತದೆ, ಕೇಬಲ್ ಎಳೆದರೆ ತೊಡರುತ್ತದೆ. 2011ರಲ್ಲಿ ಜಪಾನಿನ ಅಪಘಾತಕ್ಕೀಡಾದ ಫುಕುಶಿಮಾ ಅಣುಸ್ಥಾವರದ 2ನೇ ಘಟಕದಲ್ಲಿ ಕ್ವಿನ್ಸ್ ರೋಬೋಟ್ ಕೇಬಲ್ ತೊಂದರೆಯಿಂದಲೇ ಒಳಗುಳಿಯಿತು. ಸಂಪರ್ಕ ಕಡಿದರೆ ಬಂದ ದಾರಿಯಲ್ಲೇ ಹಿಂದಿರುಗುವ ಪ್ರೋಗ್ರಾಂ ಮೊದಲೇ ಹಾಕಿರಿ.