ಫಾರ್ಮಿನಲ್ಲಿ ಒಂದೇ ಶಾಲೆ ಬರೆಯಬೇಡಿ

ಓದುಗರ ಪತ್ರ: ನಾವು ಇಂಗ್ಲೆಂಡಿಗೆ ಬಂದು ಮೂರು ವರ್ಷವಾಯಿತು. ಮಗಳು ಈಗ ಇಯರ್ 6, ಅಂದರೆ ಪ್ರೈಮರಿಯ ಕೊನೆಯ ವರ್ಷ. ಮುಂದಿನ ಸೆಪ್ಟೆಂಬರಿಗೆ ಸೆಕೆಂಡರಿ ಶಾಲೆ ಸೇರಬೇಕು. ನಮಗೆ ಒಂದು ಶಾಲೆ ತುಂಬಾ ಇಷ್ಟವಾಗಿದೆ, ಆದರೆ ಅದು ಮನೆಯಿಂದ ಎರಡು ಮೈಲಿ. ಪಕ್ಕದ ರಸ್ತೆಯಲ್ಲಿರುವ ಶಾಲೆ ನಮಗೆ ಬೇಡ. 'ಫಾರ್ಮಿನಲ್ಲಿ ಒಂದೇ ಶಾಲೆ ಬರೆಯಿರಿ, ಕೌನ್ಸಿಲ್ (ಸ್ಥಳೀಯ ಆಡಳಿತ) ಅದನ್ನೇ ಕೊಡಬೇಕಾಗುತ್ತೆ' ಎಂದು ಕೆಲವರು ಹೇಳುತ್ತಾರೆ. 'ಸಿಗದ ಶಾಲೆಯನ್ನು ಮೊದಲು ಬರೆದರೆ ಎರಡನೆಯದೂ ಕೈ ತಪ್ಪುತ್ತೆ' ಎಂದು ಇನ್ನು ಕೆಲವರು. ಯಾರನ್ನು ನಂಬಬೇಕು? ರಾತ್ರಿ ನಿದ್ದೆ ಬರುತ್ತಿಲ್ಲ.

ಸಂಪಾದಕರ ಉತ್ತರ: ನಿಮ್ಮ ನಿದ್ದೆ ಕೆಡಿಸಿರುವ ಎರಡು ಮಾತೂ ತಪ್ಪು. ಮೊದಲನೆಯದಂತೂ ಅಪಾಯದ ಮಾತು.

ಒಂದೇ ಶಾಲೆ ಬರೆದರೆ ಕೌನ್ಸಿಲ್ ಮೇಲೆ ಯಾವ ಒತ್ತಡವೂ ಬೀಳುವುದಿಲ್ಲ. ಆ ಶಾಲೆಗೆ ಅರ್ಜಿ ಹಾಕಿದ ಮಕ್ಕಳನ್ನೆಲ್ಲ ಅದರ ನಿಯಮದಂತೆ ಸಾಲಾಗಿ ನಿಲ್ಲಿಸುತ್ತಾರೆ. ನಿಮ್ಮ ಮಗಳ ಸರದಿ ಬರುವ ಮೊದಲೇ ಸೀಟು ಮುಗಿದರೆ ಮುಗಿಯಿತು. ಆಮೇಲೆ ಎಲ್ಲರಿಗೂ ಹಂಚಿ ಎಲ್ಲಿ ಸೀಟು ಉಳಿದಿದೆಯೋ ಅಲ್ಲಿಗೆ ಹಾಕುತ್ತಾರೆ. ನಿಮಗೆ ಬೇಡವಾದ ಆ ಪಕ್ಕದ ಶಾಲೆಯೂ ಅಷ್ಟರಲ್ಲಿ ತುಂಬಿರಬಹುದು.

ನನ್ನ ತಂಗಿಗೆ ಹೀಗೇ ಆಯಿತು. ಅವಳೂ ಅಲ್ಲೇ ಇದ್ದಾಳೆ. ಯಾರದೋ ಮಾತು ನಂಬಿ ಒಂದೇ ಹೆಸರು ಬರೆದಳು. ಮಾರ್ಚ್ ಮೊದಲ ದಿನ ಬಂದ ಇಮೇಲ್‌ನಲ್ಲಿ ಅವರು ಹೆಸರೇ ಕೇಳದ ಶಾಲೆ ಇತ್ತು. ಎರಡು ಬಸ್ಸು ಬದಲಿಸಿ ಹೋಗಬೇಕು. ಅವತ್ತು ಫೋನಿನಲ್ಲಿ ಅವಳು ಅತ್ತಿದ್ದು ನನಗೆ ಇನ್ನೂ ಮರೆತಿಲ್ಲ. ಅದಕ್ಕೇ ನಿಮ್ಮ ಪತ್ರಕ್ಕೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಇನ್ನು ಎರಡನೇ ಮಾತು. ಅದಕ್ಕೊಂದು ಹಳೆಯ ಕಾರಣವಿದೆ. ಹಿಂದೆ ಕೆಲವು ಶಾಲೆಗಳು ತಮ್ಮನ್ನು ಮೊದಲ ಆಯ್ಕೆಯಾಗಿ ಬರೆದವರಿಗೇ ಮೊದಲು ಸೀಟು ಕೊಡುತ್ತಿದ್ದವು. 2007ರ ಪ್ರವೇಶ ನಿಯಮಾವಳಿ ಅದನ್ನು ನಿಲ್ಲಿಸಿತು. ಈಗ ನೀವು ಬರೆದ ಒಂದೊಂದು ಶಾಲೆಯೂ ನಿಮ್ಮ ಮಗಳ ಅರ್ಜಿಯನ್ನು ಬೇರೆಬೇರೆಯಾಗಿ ನೋಡುತ್ತದೆ. ತಾನು ನಿಮ್ಮ ಪಟ್ಟಿಯಲ್ಲಿ ಮೊದಲನೆಯದೋ ನಾಲ್ಕನೆಯದೋ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಎರಡು ಮೂರು ಕಡೆ ಸೀಟು ಸಿಗುವಂತಿದ್ದರೆ ಮಾತ್ರ ಕೌನ್ಸಿಲ್ ನಿಮ್ಮ ಪಟ್ಟಿ ನೋಡಿ, ಮೇಲಿರುವುದನ್ನು ಕೊಟ್ಟು ಉಳಿದದ್ದನ್ನು ಬೇರೆ ಮಕ್ಕಳಿಗೆ ಬಿಡುತ್ತದೆ. ಹಾಗಾಗಿ ಧೈರ್ಯವಾಗಿ ನಿಮಗೆ ಇಷ್ಟವಾದ ಶಾಲೆಯನ್ನೇ ಮೊದಲು ಬರೆಯಿರಿ. ಅದು ಸಿಗದಿದ್ದರೆ ಎರಡನೆಯದಕ್ಕೆ ಒಂದಿಷ್ಟೂ ಪೆಟ್ಟಿಲ್ಲ.

ಎಲ್ಲ ಕೌನ್ಸಿಲ್‌ಗಳೂ ಕನಿಷ್ಠ ಮೂರು ಶಾಲೆ ಬರೆಯಲು ಜಾಗ ಕೊಡುತ್ತವೆ. ಲಂಡನ್‌ನಲ್ಲಿ ಆರು. ಇರುವ ಜಾಗವನ್ನೆಲ್ಲ ತುಂಬಿಸಿ. ಅದರಲ್ಲಿ ಒಂದು, ನಿಮಗೆ ಸೀಟು ಸಿಗುವ ಸಾಧ್ಯತೆ ಜಾಸ್ತಿ ಇರುವ ಶಾಲೆಯಾಗಿರಲಿ. ಅದು ಪಟ್ಟಿಯ ಕೊನೆಯಲ್ಲಿದ್ದರೂ ಪರವಾಗಿಲ್ಲ. ನಿಮ್ಮ ಪಕ್ಕದ ರಸ್ತೆಯ ಶಾಲೆ ಬಹುಶಃ ಅದೇ, ಅಲ್ವಾ?

ಇಷ್ಟದ ಶಾಲೆ ಎರಡು ಮೈಲಿ ದೂರ ಎಂದಿರಿ. ಅಲ್ಲಿ ಸಿಗುತ್ತದೋ ಇಲ್ಲವೋ ಎಂದು ಸುಮ್ನೆ ಊಹಿಸುತ್ತಾ ಕೂರಬೇಡಿ. ಕೌನ್ಸಿಲ್ ಪ್ರತಿ ವರ್ಷ ಹೊರಡಿಸುವ ಕೈಪಿಡಿ ತೆಗೆದು ನೋಡಿ. ಶಾಲೆ ಯಾವ ಕ್ರಮದಲ್ಲಿ ಮಕ್ಕಳನ್ನು ತೆಗೆದುಕೊಳ್ಳುತ್ತದೆ ಎಂದು ಅದರಲ್ಲಿರುತ್ತದೆ. ವಿಶೇಷ ಅಗತ್ಯಗಳ ಯೋಜನೆಯಲ್ಲಿ ಆ ಶಾಲೆಯ ಹೆಸರು ಇರುವ ಮಕ್ಕಳಿಗೆ ಸೀಟು ಕೊಡಲೇಬೇಕು. ಆಮೇಲೆ ಸಾಮಾನ್ಯವಾಗಿ ಹೆತ್ತವರ ಬದಲು ಕೌನ್ಸಿಲ್ ಪಾಲನೆಯಲ್ಲಿ ಇರುವ ಅಥವಾ ಹಿಂದೆ ಇದ್ದ ಮಕ್ಕಳು. ನಂತರ ಅಣ್ಣನೋ ಅಕ್ಕನೋ ಅಲ್ಲೇ ಓದುತ್ತಿರುವವರು, ಕ್ಯಾಚ್‌ಮೆಂಟ್ (ಶಾಲೆಗೆಂದು ಗುರುತಿಸಿದ ಪ್ರದೇಶ) ಒಳಗಿನವರು, ಮನೆ ಹತ್ತಿರವಿರುವವರು. ಈ ಕ್ರಮ ಶಾಲೆಯಿಂದ ಶಾಲೆಗೆ ಬದಲಾಗುತ್ತದೆ. ಹಿಂದಿನ ವರ್ಷ ಕೊನೆಯ ಸೀಟು ಎಷ್ಟು ದೂರದ ಮನೆಗೆ ಹೋಯಿತು ಎಂಬುದನ್ನೂ ಬಹಳ ಕೌನ್ಸಿಲ್‌ಗಳು ತಿಳಿಸುತ್ತವೆ. ಆ ಒಂದು ಅಂಕಿ ಹತ್ತು ಜನರ ಸಲಹೆಗಿಂತ ಮುಖ್ಯ. ದೂರವನ್ನು ನೇರ ಗೆರೆ ಎಳೆದು ಅಳೆಯುತ್ತಾರೋ, ನಡೆಯುವ ದಾರಿಯಲ್ಲಿ ಅಳೆಯುತ್ತಾರೋ ಅದನ್ನೂ ನೋಡಿಕೊಳ್ಳಿ. ಹತ್ತಿರದಲ್ಲಿ ಯಾರದೋ ಮನೆಯ ವಿಳಾಸ ಕೊಡುವ ಯೋಚನೆಯನ್ನಂತೂ ಮಾಡಬೇಡಿ. ಗೊತ್ತಾದರೆ ಕೊಟ್ಟ ಸೀಟನ್ನು ವಾಪಸ್ ಪಡೆಯುತ್ತಾರೆ.

ನಮ್ಮ ಕಡೆಯ ಅಭ್ಯಾಸದಲ್ಲಿ ಶಿಫಾರಸು, ಡೊನೇಶನ್, ಅಪ್ಪ ಅಮ್ಮನ ಸಂದರ್ಶನ ಎಂದು ಹೆದರುತ್ತೇವೆ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಅದಕ್ಕೆ ಜಾಗವಿಲ್ಲ. ನಿಮ್ಮ ಇಂಗ್ಲಿಷ್ ಹೇಗಿದೆ, ಕೆಲಸ ಏನು ಎಂದು ಯಾರೂ ಕೇಳುವ ಹಾಗಿಲ್ಲ.

ಅರ್ಜಿಗೆ ಕೊನೆಯ ದಿನ ಅಕ್ಟೋಬರ್ 31. ಶಾಲೆ ಬೇರೆ ಕೌನ್ಸಿಲ್‌ನಲ್ಲಿದ್ದರೂ ಅರ್ಜಿ ಹಾಕಬೇಕಾದದ್ದು ನೀವು ವಾಸವಿರುವ ಕೌನ್ಸಿಲ್‌ಗೆ. ತಡವಾದರೆ ಸಮಯಕ್ಕೆ ಕೊಟ್ಟವರದೆಲ್ಲ ಮುಗಿದ ಮೇಲೆ ನಿಮ್ಮದು. ಚರ್ಚ್ ಶಾಲೆಯಂಥದ್ದನ್ನು ಬರೆಯುವುದಾದರೆ ಇನ್ನೊಂದು ಪೂರಕ ಫಾರ್ಮ್ ಕೇಳಬಹುದು. ಪರೀಕ್ಷೆ ಮಾಡಿ ಮಕ್ಕಳನ್ನು ಆರಿಸುವ ಗ್ರಾಮರ್ ಶಾಲೆಯ ವಿಷಯ ನೀವು ಎತ್ತಿಲ್ಲ. ಆದರೆ ಇಯರ್ 5ರ ಮಕ್ಕಳಿರುವ ಓದುಗರು ಗಮನಿಸಿ, ಅದರ ಪ್ರವೇಶಕ್ಕಿರುವ ಇಲೆವೆನ್ ಪ್ಲಸ್ ಪರೀಕ್ಷೆಗೆ ಹೆಸರು ಕೊಡುವ ಕೆಲಸ ಬಹಳ ಕಡೆ ಬೇಸಿಗೆಯಲ್ಲೇ ಮುಗಿದುಹೋಗುತ್ತದೆ.

ಮಾರ್ಚ್ 1ರಂದು, ಅವತ್ತು ರಜೆಯಿದ್ದರೆ ಮುಂದಿನ ಕೆಲಸದ ದಿನ, ಉತ್ತರ ಬರುತ್ತದೆ. ಇಷ್ಟದ ಶಾಲೆ ಸಿಗದಿದ್ದರೂ ಬಂದ ಸೀಟನ್ನು ಒಪ್ಪಿಕೊಳ್ಳಿ. ಕೋಪದಲ್ಲಿ ಬೇಡ ಎಂದುಬಿಡಬೇಡಿ. ಒಪ್ಪಿಕೊಂಡರೆ ವೇಟಿಂಗ್ ಲಿಸ್ಟಿಗಾಗಲಿ ಅಪೀಲಿಗಾಗಲಿ ಅಡ್ಡಿಯಾಗುವುದಿಲ್ಲ. ವೇಟಿಂಗ್ ಲಿಸ್ಟನ್ನು ಕನಿಷ್ಠ ಡಿಸೆಂಬರ್ 31ರವರೆಗೆ ಇಡಲೇಬೇಕು. ಅದರಲ್ಲಿ ಯಾರು ಮೊದಲು ಸೇರಿದರು ಎಂಬುದಕ್ಕೆ ಬೆಲೆಯಿಲ್ಲ. ಹತ್ತಿರದ ಮನೆಯ ಮಗು ಹೊಸದಾಗಿ ಸೇರಿದರೆ ನೀವು ಒಂದು ಮೆಟ್ಟಿಲು ಕೆಳಗೆ ಇಳಿಯಬಹುದು. ಮನೆ ಬದಲಿಸಿದವರ ಸೀಟು ಖಾಲಿಯಾದರೆ ಮೇಲೂ ಏರಬಹುದು. ನನ್ನ ತಂಗಿಯ ಮಗನಿಗೆ ಜುಲೈನಲ್ಲಿ ಹೀಗೇ ಕರೆ ಬಂತು.

ಅಪೀಲ್ ಹಾಕಲು ಕನಿಷ್ಠ 20 ಶಾಲಾ ದಿನಗಳ ಸಮಯವಿರುತ್ತದೆ. ಕೇಳುವವರು ಶಾಲೆಗೂ ಕೌನ್ಸಿಲ್‌ಗೂ ಸೇರದ ಸ್ವತಂತ್ರ ಸಮಿತಿಯವರು. ಅಲ್ಲಿ ಸಿಕ್ಕ ಶಾಲೆಯನ್ನು ಬೈಯುವುದರಿಂದ ಪ್ರಯೋಜನವಿಲ್ಲ. ನಿಮ್ಮ ಮಗಳಿಗೆ ಆ ಶಾಲೆಯೇ ಯಾಕೆ ಬೇಕು ಎಂದು ಹೇಳಿ. ಅವಳು ಕಲಿಯುವ ವಾದ್ಯವೋ, ಭಾಷೆಯೋ, ಆರೋಗ್ಯದ ಕಾರಣವೋ, ಏನಿದ್ದರೂ ಕಾಗದದ ಸಮೇತ ತೋರಿಸಿ.

ಒಂದು ಮಾತು ನೀವು ಕೇಳದಿದ್ದರೂ ಹೇಳುತ್ತೇನೆ. ಪಕ್ಕದ ಶಾಲೆ ಬೇಡ ಎಂದು ಬರೆದಿರಿ, ಯಾಕೆ ಎಂದು ಬರೆಯಲಿಲ್ಲ. ಒಳಗೆ ಹೋಗಿ ನೋಡಿದ್ದೀರಾ? ಮಗಳ ಎದುರಿಗೇ ಆ ಶಾಲೆಯನ್ನು ಹಳಿಯಬೇಡಿ. ತಂಗಿಯ ಮಗ ಆ ನಾಲ್ಕು ತಿಂಗಳು ಅಮ್ಮನ ಫೋನ್ ಮಾತೆಲ್ಲ ಕೇಳಿಸಿಕೊಂಡಿದ್ದ. 'ನಾನು ಕೆಟ್ಟ ಶಾಲೆಗೆ ಹೋಗುವವನು' ಎಂದು ಗೆಳೆಯರಿಗೆ ಹೇಳಿಕೊಂಡು ತಿರುಗುತ್ತಿದ್ದನಂತೆ. ಕೊನೆಗೆ ಸೀಟು ಬದಲಾಯಿತು, ಆದರೆ ಆ ನಾಲ್ಕು ತಿಂಗಳು ಅವನು ಕುಗ್ಗಿದ್ದು ಕುಗ್ಗಿದ್ದೇ.

ಅಕ್ಟೋಬರ್ ಮುಗಿಯುವುದರೊಳಗೆ ಮಗಳನ್ನು ಕರೆದುಕೊಂಡು ಎರಡೂ ಶಾಲೆಗೆ ಹೋಗಿ. ಓಪನ್ ಈವ್ನಿಂಗ್ ಮುಗಿದುಹೋಗಿದ್ದರೆ ಫೋನ್ ಮಾಡಿ ಕೇಳಿ, ಬೆಳಗಿನ ಹೊತ್ತು ತೋರಿಸುವ ಶಾಲೆಗಳೂ ಇವೆ. ಪ್ರಯೋಗಶಾಲೆ, ಲೈಬ್ರರಿ ಎಲ್ಲವನ್ನೂ ಅವಳೇ ನೋಡಲಿ. ಅಲ್ಲಿನ ಮಕ್ಕಳನ್ನು ಅವಳೇ ಮಾತಾಡಿಸಲಿ. ಬಂದ ಮೇಲೆ ಪಟ್ಟಿಯಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ಅವಳನ್ನೂ ಕೂರಿಸಿಕೊಂಡು ಬರೆಯಿರಿ.