ಲೋಡ್ ಮಾಡಿಟ್ಟ ಸಿರಿಂಜ್ ನಾನು ಕೊಡಬಹುದಾ?

ಪ್ರಶ್ನೆ: ನಾನು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಎರಡನೇ ವರ್ಷದ ವಿದ್ಯಾರ್ಥಿನಿ. ಈಗ ಮೆಡಿಕಲ್ ವಾರ್ಡಿನಲ್ಲಿ ಪೋಸ್ಟಿಂಗ್. ಬೆಳಿಗ್ಗೆ ಎಂಟರ ಇಂಜೆಕ್ಷನ್ ಹೊತ್ತಿಗೆ ಇಡೀ ವಾರ್ಡಿಗೆ ಸ್ಟಾಫ್ ನರ್ಸ್ ಒಬ್ಬರೇ. ಅವರೇ ಸಿರಿಂಜ್ ಲೋಡ್ ಮಾಡಿ ಟ್ರೇಯಲ್ಲಿಟ್ಟು, ‘ಆರನೇ ಬೆಡ್‌ಗೆ ಕೊಟ್ಟು ಬಾ’ ಅಂತಾರೆ. ನಮ್ಮ ಟ್ಯೂಟರ್ ಬರುವುದು ಹತ್ತು ಗಂಟೆಗೆ. ಕೊಡಲು ಭಯ. ಕೊಡಲ್ಲ ಅಂದರೆ ಸೊಕ್ಕು ಅಂದುಕೊಳ್ಳುತ್ತಾರೆ. ಏನು ಮಾಡಲಿ ಮೇಡಂ?
– ಹೆಸರು ಬೇಡ, ದಾವಣಗೆರೆ

ಉತ್ತರ: ಕೊಡಬೇಡಮ್ಮ. ನಿನ್ನ ಕಣ್ಣೆದುರು ಲೋಡ್ ಆಗದ ಔಷಧಿಯನ್ನು ನೀನು ಕೊಡಬಾರದು. ಇದು ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ತಲೆ ನರೆತ ಸಿಸ್ಟರ್‌ಗಳಿಗೂ ಇದೇ ನಿಯಮ.

ಔಷಧಿ ಟ್ರಾಲಿಯನ್ನು ಒಮ್ಮೆ ಸರಿಯಾಗಿ ನೋಡು. ಆಂಟಿಬಯಾಟಿಕ್ ಪುಡಿ ಕರಗಿಸುವ ಡಿಸ್ಟಿಲ್ಡ್ ವಾಟರ್ 10 ಎಂಎಲ್ ಆಂಪೂಲ್‌ನಲ್ಲಿ, ಅಂದರೆ ಸಣ್ಣ ಶೀಶೆಯಲ್ಲಿ, ಬರುತ್ತದೆ. ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ನಾವೆಲ್ಲ ಕೆಸಿಎಲ್ ಅನ್ನುವುದು, ಅದೂ 10 ಎಂಎಲ್ ಆಂಪೂಲ್‌ನಲ್ಲೇ ಬರುತ್ತದೆ. ಎರಡೂ ತಿಳಿನೀರಿನ ಹಾಗೇ ಕಾಣುತ್ತವೆ. ಡ್ರಿಪ್ ಬಾಟಲಿಗೆ ಬೆರೆಸಿ ನಿಧಾನವಾಗಿ ಬಿಡಬೇಕಾದ ಕೆಸಿಎಲ್ ಅನ್ನು ಹಾಗೇ ನರಕ್ಕೆ ತಳ್ಳಿದರೆ ಹೃದಯ ನಿಂತುಹೋಗುತ್ತದೆ. ಆಂಪೂಲ್ ಮೇಲಾದರೂ ಹೆಸರಿದೆ. ಸಿರಿಂಜಿಗೆ ಎಳೆದ ಮೇಲೆ ಯಾವುದು ಯಾವುದು ಅಂತ ಯಾರು ಹೇಳಬೇಕು? ಕೆಸಿಎಲ್‌ನಂಥವನ್ನು ವಾರ್ಡಿನ ಟ್ರಾಲಿಯಲ್ಲಿ ಇಡಲೇಬಾರದು ಅನ್ನುವುದು ಇದಕ್ಕೇ.

ಇನ್ಸುಲಿನ್ ಇನ್ನೊಂದು. ನಮ್ಮಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ ಇರುವ ವಯಲ್ (ಔಷಧಿ ಬಾಟಲಿ) ಜಾಸ್ತಿ, 100 ಯೂನಿಟ್‌ನದೂ ಸಿಗುತ್ತದೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಬಣ್ಣದ್ದು. 100ರ ವಯಲ್‌ನಿಂದ ಕೆಂಪು ಮುಚ್ಚಳದ್ದರಲ್ಲಿ ಹತ್ತರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು ಹತ್ತಲ್ಲ, 25 ಯೂನಿಟ್. ರೋಗಿ ತಿಂಡಿ ತಿನ್ನದೆ ಮಲಗಿದ್ದರೆ ಕಥೆ ಏನಾದೀತು ಅಂತ ನಿನಗೇ ಗೊತ್ತು. ವಯಲ್, ಸಿರಿಂಜ್ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡದೆ ಇನ್ಸುಲಿನ್ ಮುಟ್ಟಬೇಡ.

ಇನ್ನು ‘ಆರನೇ ಬೆಡ್’ ಅನ್ನುವುದು ಗುರುತೇ ಅಲ್ಲ. ಬೆಡ್ ರಾತ್ರೋರಾತ್ರಿ ಬದಲಾಗಿರುತ್ತದೆ. ನಮ್ಮ ಕಡೆ ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇರುವುದೂ ಹೊಸದಲ್ಲ. ‘ನೀವು ಲಕ್ಷ್ಮಮ್ಮ ಅಲ್ವಾ?’ ಅಂತ ಕೇಳಿದರೆ ಕಿವಿ ಮಂದ ಇರುವ ಅಜ್ಜಿ ಯಾವ ಹೆಸರಿಗೂ ‘ಹೂಂ’ ಅನ್ನುತ್ತಾರೆ. ‘ನಿಮ್ಮ ಹೆಸರು ಏನಜ್ಜಿ?’ ಅಂತ ಕೇಳು, ಅವರ ಬಾಯಿಂದಲೇ ಬರಲಿ. ಆಮೇಲೆ ಕೈಪಟ್ಟಿಯ ಐಪಿ (ಒಳರೋಗಿ) ನಂಬರನ್ನು ಕೇಸ್ ಶೀಟ್ ಜೊತೆ ತಾಳೆ ನೋಡು. ಪೆನಿಸಿಲಿನ್ ಅಲರ್ಜಿ ಇದೆಯಾ ಅಂತ ಕೇಳುವುದೂ ಆಗಲೇ. ಕೊಟ್ಟ ಕೂಡಲೇ ಚಾರ್ಟಿನಲ್ಲಿ ಬರೆಯಬೇಕು, ಕೊಡುವ ಮೊದಲೇ ಟಿಕ್ ಹಾಕಿಡಬಾರದು.

ಈಗ ಸ್ಟಾಫ್ ಹತ್ತಿರ ಹೇಗೆ ಹೇಳುವುದು? ‘ಕೊಡಲ್ಲ’ ಅನ್ನಬೇಡ. ‘ಸಿಸ್ಟರ್, ನಾನೇ ಲೋಡ್ ಮಾಡ್ತೀನಿ, ಚಾರ್ಟ್ ಜೊತೆ ಒಂದ್ಸಲ ನೋಡಿಬಿಡಿ. ಬೆಡ್ ಹತ್ತಿರ ನೀವು ನಿಂತ್ಕೊಂಡ್ರೆ ನಾನು ಕೊಡ್ತೀನಿ’ ಅನ್ನು. ಹೆಚ್ಚಿನವರು ಒಪ್ಪುತ್ತಾರೆ. ಒಂಟಿಯಾಗಿ ವಾರ್ಡ್ ಹೊತ್ತವರ ಕಷ್ಟ ನನಗೆ ಗೊತ್ತು, ಅವರನ್ನು ಬೈಯಲು ಮನಸ್ಸಾಗದು. ಅವರು ಬೈದರೆ ಸುಮ್ನೆ ಕೇಳಿಸಿಕೊಂಡು, ಆ ಹೊತ್ತಿಗೆ ಬಿಪಿ, ಟೆಂಪರೇಚರ್ ನೋಡು, ಬೆಡ್ ಸರಿಮಾಡು. ಕೆಲಸಗಳ್ಳಿ ಅನ್ನುವ ಮಾತಿಗೆ ಅಲ್ಲಿಗೆ ಜಾಗ ಇರುವುದಿಲ್ಲ. ಆದರೆ ಸಿರಿಂಜ್ ಮಾತ್ರ ಟ್ರೇಯಲ್ಲೇ ಇರಲಿ. ನೀನಿನ್ನೂ ನರ್ಸಿಂಗ್ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಆದವಳಲ್ಲ. ರಿಜಿಸ್ಟರ್ ಆದವರೊಬ್ಬರು ಪಕ್ಕದಲ್ಲಿ ಇರಲೇಬೇಕು.

ಇಂಜೆಕ್ಷನ್ ಎಂಟಕ್ಕೆ, ಟ್ಯೂಟರ್ ಹತ್ತಕ್ಕೆ ಅಂದರೆ ತಪ್ಪು ನಿಮ್ಮ ಕಾಲೇಜಿನದು. ನಿನ್ನೊಬ್ಬಳ ಹೆಸರು ಮುಂದೆ ಬರುವುದು ಬೇಡ. ಬ್ಯಾಚಿನವರೆಲ್ಲ ಸಹಿ ಹಾಕಿ ಪ್ರಿನ್ಸಿಪಾಲರಿಗೆ ಕೊಡಿ. ಯಾರ ಮೇಲೂ ದೂರು ಬೇಡ. ‘ಬೆಳಿಗ್ಗೆ ಎಂಟಕ್ಕೆ ಟ್ಯೂಟರ್ ವಾರ್ಡಿನಲ್ಲಿ ಇರಬೇಕು’ ಅನ್ನುವ ಒಂದು ಸಾಲು ಸಾಕು.