ರಜೆಗೆ ಬಂದ ಗಂಡ ಬ್ಯಾಗ್ ಬಿಚ್ಚುವುದಿಲ್ಲ

(ಫೌಜಿ ಮನೆಗಳ ಪತ್ರಗಳಿಗೆ ಕಲಬುರಗಿಯ ನಿವೃತ್ತ ಸುಬೇದಾರರೊಬ್ಬರ ಉತ್ತರ)

ಪ್ರಶ್ನೆ: ನಮ್ಮ ಮನೆಯವರು ಮಿಲಿಟರಿಯಲ್ಲಿದ್ದಾರೆ. 2025ರ ಮೇ ತಿಂಗಳಲ್ಲಿ ರಜೆಗೆ ಬಂದವರಿಗೆ ಯೂನಿಟ್‌ನಿಂದ ಫೋನ್ ಬಂತು, ಅವತ್ತೇ ರೈಲು ಹತ್ತಿದರು. ಆಮೇಲೆ ಬಂದಾಗಲೆಲ್ಲ ರಾತ್ರಿ ನಿದ್ದೆ ಇಲ್ಲ. ಫೋನ್ ಸದ್ದಾದರೆ ಎದ್ದು ನಿಲ್ಲುತ್ತಾರೆ. ಬ್ಯಾಗ್ ಬಿಚ್ಚಲು ಬಿಡುವುದಿಲ್ಲ. ಮಗಳು ಮಾತಾಡಿಸಿದರೂ ಸಿಡುಕು. ಅತ್ತೆ ದೃಷ್ಟಿ ತೆಗೆದದ್ದಾಯಿತು. ಇದು ಕಾಯಿಲೆಯಾ?
– ಹೆಸರು ಬೇಡ, ಚಿತ್ತಾಪುರ ತಾಲೂಕು

ಉತ್ತರ: ತಂಗೀ, ಅತ್ತೆ ದೃಷ್ಟಿ ತೆಗೆಯಲಿ ಬಿಡಿ, ನಾಲ್ಕು ಮೆಣಸಿನಕಾಯಿ ಖರ್ಚು ಅಷ್ಟೇ. ಬ್ಯಾಗಿನ ವಿಷಯ ಓದಿ ನನ್ನ ಹೆಂಡತಿ ಮಾತ್ರ ‘ಇದು ನಮ್ಮನೆ ಕಥೆ ಅಲ್ವಾ’ ಅಂದಳು. ಗಡಿಯ ಪೋಸ್ಟುಗಳಲ್ಲಿ ನಸುಕಿಗೊಮ್ಮೆ, ಮುಸ್ಸಂಜೆಗೊಮ್ಮೆ ‘ಸ್ಟ್ಯಾಂಡ್ ಟು’ ಇರುತ್ತದೆ. ಶತ್ರು ಬರಲಿ ಬಿಡಲಿ, ಬೂಟು ಹಾಕಿ, ಬಂದೂಕು ಹಿಡಿದು ಮೋರ್ಚಾದಲ್ಲಿ ನಿಲ್ಲಬೇಕು. ವರ್ಷಗಟ್ಟಲೆ ಹಾಗೆ ನಿಂತ ಮೈ ರೈಲು ಕಲಬುರಗಿ ಸ್ಟೇಷನ್ನಿಗೆ ಬಂದ ಕೂಡಲೇ ಸಡಿಲ ಆಗುವುದಿಲ್ಲ. ಪಿಂಚಣಿ ತಿನ್ನುವ ನಾನೇ ಈಗಲೂ ಬೆಳಕು ಹರಿಯುವ ಮುಂಚೆ ಎದ್ದು ಬಾಗಿಲಲ್ಲಿ ನಿಲ್ಲುತ್ತೇನೆ. ಹಾಲಿನವನು ನನಗೆ ಸಲ್ಯೂಟ್ ಹೊಡೆದು ಹೋಗುತ್ತಾನೆ, ತಮಾಷೆಗೆ.

ಕಾಯಿಲೆ ಹೌದೋ ಅಲ್ಲವೋ ಡಾಕ್ಟರು ಹೇಳಬೇಕು. ಆದರೆ ಅವರು ಯೂನಿಟ್ ಡಾಕ್ಟರ ಹತ್ತಿರ ಯಾಕೆ ಹೋಗುವುದಿಲ್ಲ ಅಂತ ನಾನು ಹೇಳಬಲ್ಲೆ. ಪ್ರಮೋಷನ್ನಿಗೆ ಸಾಮಾನ್ಯವಾಗಿ ಮೆಡಿಕಲ್ಲಿನಲ್ಲಿ ‘ಶೇಪ್ ಒನ್’, ಅಂದರೆ ಪೂರ್ತಿ ಫಿಟ್ ಅನ್ನುವ ದರ್ಜೆ ಬೇಕು. ಮನಸ್ಸಿನ ಲೆಕ್ಕವೂ ಅದರಲ್ಲೇ ಬರುತ್ತದೆ. ನಿದ್ದೆ ಇಲ್ಲ ಅಂದರೆ ಎಲ್ಲಿ ‘ಲೋ ಮೆಡಿಕಲ್’ ಅಂತ ಕೆಳಗಿನ ದರ್ಜೆಗೆ ಹಾಕಿಬಿಡ್ತಾರೋ ಅನ್ನುವ ಹೆದರಿಕೆ. ಹೀಗೆ ಬಾಯಿ ಮುಚ್ಚಿಕೊಂಡ ಎಷ್ಟೋ ಹುಡುಗರನ್ನು ನೋಡಿದ್ದೇನೆ. ಯೂನಿಟ್ಟಿನಲ್ಲಿ ನುಂಗಿಕೊಂಡದ್ದೆಲ್ಲ ಮನೆಯಲ್ಲಿ ಹೆಂಡತಿ ಮಕ್ಕಳ ಮೇಲೆ ಹೊರಬರುತ್ತದೆ.

ಮನಸ್ಸಿನ ತೊಂದರೆಗೆ ಅಂತ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸೈನಿಕರಿಗೆ, ಅವರ ಮನೆಯವರಿಗೆ ಅಂತಲೇ 2023ರ ಡಿಸೆಂಬರಿನಲ್ಲಿ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಒಂದು ವಿಭಾಗವನ್ನೂ ತೆರೆದಿದ್ದಾರೆ. ಮೊದಲು ನೀವೇ ಫೋನ್ ಮಾಡಿ. ಇನ್ನು ಮನೆಯ ಮಾತು. ಅಣ್ಣತಮ್ಮಂದಿರ ಪಾಲು, ತೊಗರಿ ರೇಟು, ಸೊಸೈಟಿ ಸಾಲ, ಎಲ್ಲವನ್ನೂ ಬಂದ ರಾತ್ರಿಯೇ ಮುಂದಿಡಬೇಡಿ. ನಾಲ್ಕು ದಿನ ಮಲಗಲಿ, ಹಗಲಾದರೂ ಸರಿ. ಬ್ಯಾಗ್ ಹಾಗೇ ಇರಲಿ, ಅದರಿಂದ ಯಾರಿಗೇನು ನಷ್ಟ? ಕ್ಯಾಂಟೀನ್ ರಮ್ ಜಾಸ್ತಿಯಾಗಿದೆಯಾ? ನೀವು ಬರೆದಿಲ್ಲ, ಆದರೂ ಕೇಳುತ್ತೇನೆ. ಸಾಯುವ ಮಾತು ಒಮ್ಮೆ ಬಾಯಲ್ಲಿ ಬಂದರೂ ಅವರನ್ನು ಒಬ್ಬರೇ ಬಿಡಬೇಡಿ. ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಪ್ರಮೋಷನ್ ಆಮೇಲೆ ನೋಡೋಣ.

ಪ್ರಶ್ನೆ: ನಮ್ಮ ಮನೆ ಮೇಲೆ ಏರ್‌ಫೋರ್ಸಿನ ಹಾಕ್ ವಿಮಾನಗಳು ಹಾರುತ್ತಿರುತ್ತವೆ. ಯುದ್ಧವೇ ಇಲ್ಲದಾಗ ಸೈನಿಕರಿಗೆ ಅಪಾಯ ಏನು?
– ಪಿಯುಸಿ ವಿದ್ಯಾರ್ಥಿ, ಬೀದರ್

ಉತ್ತರ: ನಿಮ್ಮೂರಿನ ಸೂರ್ಯಕಿರಣ ತಂಡವನ್ನೇ ನೋಡಪ್ಪ, ವಿಮಾನದಲ್ಲಿ ಕಸರತ್ತು ತೋರಿಸುವ ಏರ್‌ಫೋರ್ಸಿನವರು. 2019ರ ಫೆಬ್ರವರಿಯಲ್ಲಿ ಯಲಹಂಕದಲ್ಲಿ ಏರ್ ಶೋಗೆ ತಾಲೀಮು ನಡೆಸುವಾಗ ಎರಡು ಹಾಕ್ ಡಿಕ್ಕಿಯಾಗಿ ಒಬ್ಬ ಪೈಲಟ್ ತೀರಿಕೊಂಡರು.

ನನ್ನದೇ ಕಾಲದ್ದು ಕೇಳು. 2001ರ ಡಿಸೆಂಬರ್ 13ಕ್ಕೆ ಸಂಸತ್ತಿನ ಮೇಲೆ ದಾಳಿಯಾಯಿತು. ಇಡೀ ಸೈನ್ಯ ಗಡಿಗೆ ಹೋಗಿ ಕೂತಿತು. ಆಪರೇಷನ್ ಪರಾಕ್ರಮ್ ಅಂತ ಹೆಸರು. ಸುಮಾರು ಹತ್ತು ತಿಂಗಳು ಕೂತೆವು, ಯುದ್ಧ ಆಗಲೇ ಇಲ್ಲ. ಆದರೂ ಸತ್ತವರು 798 ಮಂದಿ, ಸರ್ಕಾರವೇ ಸಂಸತ್ತಿಗೆ ಕೊಟ್ಟ ಲೆಕ್ಕ. ಕಾರ್ಗಿಲ್ ಯುದ್ಧದಲ್ಲಿ ಹೋದವರು 527.

ನಮ್ಮ ಯೂನಿಟ್ ರಾಜಸ್ಥಾನದಲ್ಲಿತ್ತು. ಮರಳಿನಲ್ಲಿ ಮೈನ್, ಅಂದರೆ ನೆಲಬಾಂಬು ಹೂಳುವ ಕೆಲಸ. ಅಂಗೈ ಬೆವತರೆ ಅದನ್ನು ಸಿಡಿಸುವ ಫ್ಯೂಜ್ ಜಾರುತ್ತದೆ, ಪ್ಯಾಂಟಿಗೆ ಕೈ ಒರೆಸಿ ಒರೆಸಿ ಕೂರಿಸಬೇಕು. ರಾತ್ರಿ ಗಾಳಿ ಎದ್ದರೆ ಬೆಳಿಗ್ಗೆ ದಿಬ್ಬ ಇದ್ದಲ್ಲಿ ಇಲ್ಲ. ನಕ್ಷೆ ಒಂದು ಹೇಳುತ್ತದೆ, ನೆಲ ಇನ್ನೊಂದು ಹೇಳುತ್ತದೆ. ಹೂಳುವಾಗ ಕೆಲವರು ಹೋದರು, ವಾಪಸ್ ತೆಗೆಯುವಾಗ ಕೆಲವರು. ರಸ್ತೆಯಲ್ಲಿ ಟ್ರಕ್ ಮಗುಚಿ ಸತ್ತವರೂ ಇದ್ದರು. ಅಂಥವರ ಊರಿಗೆ ಹೋದರೆ ಜನ ಮೊದಲು ಕೇಳುವುದೇ ‘ಯಾವ ಲಡಾಯಿಯಲ್ಲಿ ಸತ್ತ?’ ಅಂತ. ಅಪ್ಪ ಅಮ್ಮನ ಎದುರಿಗೇ ಕೇಳುತ್ತಾರೆ.

ಗಡಿ ಕಾಯುವುದು ಬೇಡ ಅಂತ ನಾನು ಹೇಳುವುದಿಲ್ಲ, ಆ ಅನ್ನ ಉಂಡವನು. ಟಿವಿಯಲ್ಲಿ ‘ಸೇನೆ ಸನ್ನದ್ಧ’ ಅಂತ ಕೂಗುವವರನ್ನು ಕಂಡರೆ ಮಾತ್ರ ರಿಮೋಟ್ ಹುಡುಕುತ್ತೇನೆ.

ಪ್ರಶ್ನೆ: ತಮ್ಮ ಕಾಶ್ಮೀರದಲ್ಲಿದ್ದಾನೆ. ದಾಯಾದಿಗಳು ಅವನ ಹೊಲದ ಮೇಲೆ ಕೇಸು ಹಾಕಿದ್ದಾರೆ. ತಾರೀಖಿಗೆ ರಜೆ ಸಿಗುತ್ತಿಲ್ಲ.
– ಶಹಾಪುರ ತಾಲೂಕು, ಯಾದಗಿರಿ ಜಿಲ್ಲೆ

ಉತ್ತರ: ಹುಡುಗ ಗಡಿಯಲ್ಲಿರುವುದು ನೋಡಿಕೊಂಡೇ ಕೇಸು ಹಾಕುತ್ತಾರೆ, ಹೊಸದೇನಲ್ಲ. 1925ರಲ್ಲೇ ಇದಕ್ಕೊಂದು ಕಾಯ್ದೆ ಬಂದಿದೆ, ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆ. ವಿಶೇಷ ಪರಿಸ್ಥಿತಿಯ ಡ್ಯೂಟಿಯಲ್ಲಿದ್ದಾನೆ, ಬರಲಾಗದು ಅಂತ ಯೂನಿಟ್‌ನಿಂದ ಸರ್ಟಿಫಿಕೇಟ್ ಬಂದರೆ ಕೋರ್ಟು ಕೇಸನ್ನು ಮುಂದೂಡಬಹುದು. ತಮ್ಮನಿಗೆ ಹೇಳಿ ಕಮಾಂಡಿಂಗ್ ಆಫೀಸರಿಂದ ಜಿಲ್ಲಾಧಿಕಾರಿಗೂ ಒಂದು ಪತ್ರ ಬರೆಸಿ. ವಕೀಲರಿಗೆ ಕಾಯ್ದೆಯ ಹೆಸರು ಬರೆದೇ ಕೊಡಿ, ಎಷ್ಟೋ ಮಂದಿಗೆ ನೆನಪಿರುವುದಿಲ್ಲ. ಮುಂದಿನ ತಾರೀಖು ಯಾವಾಗ ಅಂತ ನೀವು ತಿಳಿಸಿಲ್ಲ. ಅದಕ್ಕೆ ಮುಂಚೆ ಕಾಗದ ಕೋರ್ಟಿಗೆ ಮುಟ್ಟಬೇಕು, ಇವತ್ತೇ ಫೋನ್ ಮಾಡಿ.